ಕಾದವರ ಕೋಪ

ಕೊಂಡ ಪದಾರ್ಥ ಕೆಟ್ಟದ್ದಾದರೆ ಮನುಷ್ಯನಿಗೆ ಕೋಪ ಬರುವುದು ಸಹಜ. ಹುಳುಕು ಬದನೆಕಾಯಿ ತೂಗಿಕೊಟ್ಟವನ ಮೇಲೆ, ಒಂದೇ ಒಗೆತಕ್ಕೆ ಬಣ್ಣ ಬಿಟ್ಟ ಸೀರೆಯನ್ನು ಮಾರಿದ ಅಂಗಡಿಯವನ ಮೇಲೆ ನಾವೆಲ್ಲರೂ ರೇಗಿದ್ದೇವೆ. ಆ ಕೋಪಕ್ಕೆ ಒಂದು ಅಳತೆಯುಂಟು. ಕೊಟ್ಟ ದುಡ್ಡು ಹಿಂದಕ್ಕೆ ಬಂದರೆ ಅದು ಸಂಜೆಯೊಳಗೆ ಇಳಿಯುತ್ತದೆ. ಆದರೆ ದುಡ್ಡು ಹಿಂದಕ್ಕೆ ಬಂದರೂ ಇಳಿಯದ ಕೋಪ ಇನ್ನೊಂದಿದೆ. ಬಹುಕಾಲ ಕಾದು, ಕಾಯುವುದರಲ್ಲಿಯೇ ಒಂದು ಬಗೆಯ ಸುಖವನ್ನು ಕಂಡು, ಕೊನೆಗೆ ಕೈಗೆ ಬಂದದ್ದು ತಾನು ಕಾದಿದ್ದ ವಸ್ತುವಲ್ಲವೆಂದು ತಿಳಿದವನ ಕೋಪ ಅದು. ಈ ಕೋಪ ನ್ಯಾಯವಾದದ್ದೆ? ನ್ಯಾಯವೇ ಆದರೆ ಯಾರ ಮೇಲೆ, ಎಷ್ಟು? ನೋಡುವುದಕ್ಕೆ ಇದು ಸಣ್ಣ ಪ್ರಶ್ನೆ. ಬಿಡಿಸಹೊರಟರೆ ಮಾತು, ಸತ್ಯ, ಅಭಿಮಾನ, ಪ್ರಾಯಶ್ಚಿತ್ತ ಎಲ್ಲವೂ ಇದರ ಎಳೆಗೆ ಸಿಕ್ಕಿಕೊಂಡು ಮೇಲಕ್ಕೆ ಬರುತ್ತವೆ.

ಉದಾಹರಣೆಗೆ ನಾನು ತೆಗೆದುಕೊಳ್ಳುವುದು ಒಂದು ಆಟವನ್ನು. ವಿಡಿಯೋ ಗೇಮ್ ಎಂದೊಡನೆ ಇದು ಹುಡುಗರ ವಿಷಯವೆಂದು ಪುಟ ತಿರುವಲು ಹೊರಟ ಓದುಗರು ಸ್ವಲ್ಪ ತಾಳಬೇಕು. ಈ ಆಟಗಳನ್ನು ಆಡುವವರಲ್ಲಿ ಸಂಸಾರಸ್ಥರು, ನೌಕರಿಯಲ್ಲಿರುವವರು, ನರೆಗೂದಲಿನವರು ಎಲ್ಲರೂ ಇದ್ದಾರೆ. ಇವಕ್ಕೆ ಹಾಕುವ ಬಂಡವಾಳ ದೊಡ್ಡ ಚಲನಚಿತ್ರಗಳ ಬಂಡವಾಳಕ್ಕೆ ಸರಿದೊರೆಯಾದದ್ದು. ಹೆಚ್ಚಾಗಿ, ನಾವು ಹೇಳುತ್ತಿರುವ ಬಗೆಯ ಕೋಪ ಇಲ್ಲಿ ಕಾಣಿಸಿಕೊಂಡಷ್ಟು ನಿಚ್ಚಳವಾಗಿ ಬೇರೆ ಕಡೆ ಕಾಣಿಸಿಕೊಂಡಿಲ್ಲ.

ಪೋಲೆಂಡಿನ ರಾಜಧಾನಿ ವಾರ್ಸಾದಲ್ಲಿ ಸಿಡಿ ಪ್ರೊಜೆಕ್ಟ್ ಎಂಬ ಸಂಸ್ಥೆಯಿದೆ. 1994ರಲ್ಲಿ ಹೊರದೇಶದ ಆಟಗಳನ್ನು ತರಿಸಿ ಮಾರುವ ಸಣ್ಣ ವ್ಯಾಪಾರವಾಗಿ ಹುಟ್ಟಿದ ಅದು ಮುಂದೆ ತಾನೇ ಆಟಗಳನ್ನು ತಯಾರಿಸತೊಡಗಿತು. ಪೋಲಿಷ್ ಲೇಖಕ ಆಂಜೇಯ್ ಸಪ್ಕೋವ್‌ಸ್ಕಿಯ ಕಥಾಲೋಕವನ್ನು ಆಧರಿಸಿದ ‘ದಿ ವಿಚರ್ 3’ 2015ರಲ್ಲಿ ಹೊರಬಂದಾಗ ಅದರ ಹೆಸರು ಜಗತ್ತಿನಲ್ಲೆಲ್ಲ ಹರಡಿತು. ಉಳಿದ ಸಂಸ್ಥೆಗಳು ಆಟದ ಪಾತ್ರಕ್ಕೆ ಹೊಸ ಅಂಗಿ ತೊಡಿಸುವುದಕ್ಕೂ ಕಾಸು ಕೇಳುತ್ತಿದ್ದ ಕಾಲದಲ್ಲಿ ಇದು ಹದಿನಾರು ಸೇರ್ಪಡೆಗಳನ್ನು ಪುಕ್ಕಟೆಯಾಗಿ ಕೊಟ್ಟಿತು. ‘ಇವರು ವ್ಯಾಪಾರಿಗಳಲ್ಲ, ನಮ್ಮವರು’ ಎಂಬ ಭಾವನೆ ಆಟಗಾರರಲ್ಲಿ ಬೇರೂರಿತು. ಮುಂದೆ ನಡೆದುದಕ್ಕೆಲ್ಲ ಈ ‘ನಮ್ಮವರು’ ಎಂಬ ಮಾತೇ ಮೂಲ ಎಂದು ನನ್ನ ಅಭಿಪ್ರಾಯ.

ಇದೇ ಸಂಸ್ಥೆ ‘ಸೈಬರ್‌ಪಂಕ್ 2077’ ಎಂದು ಮುಂದೆ ಹೆಸರಾದ ಆಟವನ್ನು ಮೊದಲು ಪ್ರಕಟಿಸಿದ್ದು 2012ರ ಮೇ ತಿಂಗಳಲ್ಲಿ. 2013ರ ಜನವರಿಯಲ್ಲಿ ಎರಡು ನಿಮಿಷದ ಒಂದು ಚಿತ್ರತುಣುಕು ಬಂತು. ಆಟ ಎಂದು ಬರುತ್ತದೆಂದು ಅದರಲ್ಲಿ ಹೇಳಿರಲಿಲ್ಲ. ಸಿದ್ಧವಾದಾಗ ಬರುತ್ತದೆಂದಷ್ಟೇ ಇತ್ತು. ಈ ಮಾತು ಜನಕ್ಕೆ ಬಹಳ ಹಿಡಿಸಿತು. ಅವಸರವಿಲ್ಲದ ಕುಶಲಕರ್ಮಿಯ ಮಾತಲ್ಲವೆ ಅದು! ಐದು ವರ್ಷ ಹೆಚ್ಚುಕಡಮೆ ಮೌನ. 2018ರ ಜೂನಿನಲ್ಲಿ ಮತ್ತೊಂದು ತುಣುಕು. ಆಗಸ್ಟಿನಲ್ಲಿ ನಲವತ್ತೆಂಟು ನಿಮಿಷದ ಪ್ರದರ್ಶನ. ಇದು ಇನ್ನೂ ನಡೆಯುತ್ತಿರುವ ಕೆಲಸ, ಕೊನೆಯ ರೂಪವಲ್ಲ ಎಂಬ ಬರಹ ಆ ಪ್ರದರ್ಶನದ ತೆರೆಯ ಮೇಲೆ ಇತ್ತು. ಓದಿದವರು ಎಷ್ಟು ಮಂದಿಯೋ! 2019ರ ಜೂನಿನಲ್ಲಿ ಹಾಲಿವುಡ್ಡಿನ ನಟ ಕಿಯಾನು ರೀವ್ಸ್ ಲಾಸ್ ಏಂಜಲೀಸಿನ ವೇದಿಕೆಯ ಮೇಲೆ ಬಂದು 2020ರ ಏಪ್ರಿಲ್ 16 ಬಿಡುಗಡೆಯ ದಿನ ಎಂದು ಸಾರಿದರು. ಸಭೆ ಹುಚ್ಚೆದ್ದು ಹೋಯಿತು. ಏಪ್ರಿಲ್ ಹೋಗಿ ಸೆಪ್ಟೆಂಬರ್ ಆಯಿತು, ಸೆಪ್ಟೆಂಬರ್ ನವೆಂಬರ್ ಆಯಿತು, ನವೆಂಬರ್ ಡಿಸೆಂಬರ್ 10 ಆಯಿತು. ಅಷ್ಟು ಹೊತ್ತಿಗೆ ಆಟವನ್ನು ಕಾಣದೆಯೇ ದುಡ್ಡು ಕಟ್ಟಿದವರು 80 ಲಕ್ಷ. ಅಮೆರಿಕದಲ್ಲಿ ಅದರ ಬೆಲೆ 60 ಡಾಲರ್. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬ ನಮ್ಮ ಗಾದೆಗೆ ಇದಕ್ಕಿಂತ ದೊಡ್ಡ ದೃಷ್ಟಾಂತ ಸಿಕ್ಕಲಾರದು. ಮುಂಗಡದಿಂದ ಬಂದ ಹಣದಲ್ಲಿಯೇ ಆಟದ ತಯಾರಿಕೆಯ ವೆಚ್ಚ, ಪ್ರಚಾರದ ವೆಚ್ಚ ಎರಡೂ ಗಿಟ್ಟಿದುವೆಂದು ಬಿಡುಗಡೆಯ ಮಾರನೆಯ ದಿನಗಳಲ್ಲಿ ಸಂಸ್ಥೆಯೇ ಹೇಳಿಕೊಂಡಿತು.

ಕೂಸು ಹುಟ್ಟಿತು. ಬೆಲೆಬಾಳುವ ಕಂಪ್ಯೂಟರುಗಳಲ್ಲಿ ಅದು ತಕ್ಕಮಟ್ಟಿಗೆ ನಡೆದಾಡಿತು. 2013ರಿಂದ ಜನರ ಮನೆಯಲ್ಲಿದ್ದ ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಎಂಬ ಯಂತ್ರಗಳಲ್ಲಿ ಅದರ ಸ್ಥಿತಿ ಕರುಣಾಜನಕ. ಚಿತ್ರಗಳು ಮಸುಕು, ಚಲನೆ ಕುಂಟುತ್ತ ಕುಂಟುತ್ತ, ಮನುಷ್ಯರು ನಿಂತಲ್ಲಿಯೇ ಕೈಚಾಚಿ ಬೊಂಬೆಗಳಂತಾಗುವರು, ಬೀದಿಯ ಮೋಟಾರುಗಳು ಕಣ್ಣೆದುರಿಗೇ ಮಾಯವಾಗುವುವು, ಗಂಟೆ ಎರಡು ಗಂಟೆ ಆಡಿದ ಮೇಲೆ ಆಟವೇ ಸ್ತಬ್ಧ. ನಾಲ್ಕು ದಿನಕ್ಕೆ ಸಂಸ್ಥೆ ಕ್ಷಮೆ ಕೇಳಿತು; ಬೇಡವೆಂದವರಿಗೆ ಹಣ ಹಿಂದಿರುಗಿಸುವುದಾಗಿ ಹೇಳಿತು. ವಾರ ಕಳೆಯುತ್ತಲೇ ಸೋನಿ ಸಂಸ್ಥೆ ತನ್ನ ಪ್ಲೇಸ್ಟೇಷನ್ ಅಂಗಡಿಯಿಂದ ಆಟವನ್ನು ತೆಗೆದುಹಾಕಿತು. ಅದು ಮತ್ತೆ ಅಲ್ಲಿ ಮಾರಾಟಕ್ಕೆ ಬಂದದ್ದು 2021ರ ಜೂನಿನಲ್ಲಿ.

ಬೆಟ್ಟ ಅಗೆದು ಇಲಿ ಹಿಡಿದ ಕಥೆಯೆಂದು ನಕ್ಕು ಮುಗಿಸಬಹುದಾಗಿತ್ತು. ನಗುವುದಕ್ಕೆ ಆಗದಂತೆ ಮಾಡಿದ್ದು ಅಭಿಮಾನಿಗಳ ನಡವಳಿಕೆ. ಆ ನಡವಳಿಕೆಯಲ್ಲಿ ಒಂದು ವಿಚಿತ್ರ ಸಂಗತಿಯಿದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಕೋಪ ಆಟ ಕೈಗೆ ಬಂದ ಮೇಲೆ ಹುಟ್ಟಿದ್ದಲ್ಲ. ಅದಕ್ಕಿಂತ ಮುಂಚೆಯೇ ಅದು ಇತ್ತು. ಅಕ್ಟೋಬರಿನಲ್ಲಿ ಬಿಡುಗಡೆಯನ್ನು ಮೂರನೆಯ ಸಲ, ಅದೂ ಬರಿಯ ಮೂರು ವಾರ, ಮುಂದೂಡಿದಾಗ ಆಟವನ್ನು ತಯಾರಿಸುತ್ತಿದ್ದ ನೌಕರರಿಗೆ ಕೊಲೆ ಬೆದರಿಕೆಗಳು ಬಂದುವು. ಡಿಸೆಂಬರಿನ ಮೊದಲಲ್ಲಿ ವಿಮರ್ಶಕಿಯೊಬ್ಬಳು, ಆಟದ ಒಂದು ಭಾಗದಲ್ಲಿ ಬೆಳಕು ಮಿನುಗುವ ರೀತಿಯಿಂದ ತನಗೆ ಮೂರ್ಛೆ ಬಂದಿತೆಂದೂ ಆ ರೋಗವಿರುವವರು ಎಚ್ಚರವಾಗಿರಬೇಕೆಂದೂ ಬರೆದಳು. ಪರೋಪಕಾರದ ಮಾತು. ಅದಕ್ಕೆ ಪ್ರತಿಯಾಗಿ ಕೆಲವರು ಆಕೆಗೆ ಮತ್ತೆ ಮೂರ್ಛೆ ತರಿಸುವಂಥ, ಬೆಳಕು ಮಿನುಗುವ ಚಿತ್ರಗಳನ್ನೇ ಕಳುಹಿಸಿದರು. ಇನ್ನೊಬ್ಬ ವಿಮರ್ಶಕಿ ಆಟಕ್ಕೆ ಹತ್ತರಲ್ಲಿ ಏಳು ಅಂಕ ಕೊಟ್ಟಳು. ಏಳು! ನಮ್ಮ ಪರೀಕ್ಷೆಗಳಲ್ಲಿ ಅದು ಪ್ರಥಮ ದರ್ಜೆ. ಆಕೆಯ ಮೇಲೆ ಬೈಗುಳದ ಮಳೆಯೇ ಸುರಿಯಿತು. ಬೈದವರು ಇನ್ನೂ ಆಟವನ್ನು ಆಡಿರಲಿಲ್ಲ, ಆಡಲು ಅದು ಅವರ ಕೈಗೇ ಬಂದಿರಲಿಲ್ಲ. ಮೂರು ದಿನ ಕಳೆಯಿತು, ಆಟ ಬಂತು, ಆಗ ಗುಂಪು ತಿರುಗಿ ನಿಂತು, ಈ ಆಟದಷ್ಟು ಮೋಸದ ಪದಾರ್ಥ ಇನ್ನೊಂದಿಲ್ಲವೆಂದು ತಯಾರಕರ ಮೇಲೆ ಬಿದ್ದಿತು. ಮೊದಲು ಬೈದವರೂ ಅನಂತರ ಬೈದವರೂ ಅದೇ ಮನುಷ್ಯರೆಂದು ಹೆಸರು ಹಿಡಿದು ಹೇಳುವುದು ಸಾಧ್ಯವಿಲ್ಲ. ಗುಂಪು ಮಾತ್ರ ಒಂದೇ, ದನಿಯೂ ಒಂದೇ.

ಇದನ್ನು ವಿವರಿಸುವುದಕ್ಕೆ ಕನ್ನಡದಲ್ಲಿ ಒಂದು ಒಳ್ಳೆಯ ಅನುಕೂಲವಿದೆ. ಇಂಗ್ಲಿಷಿನವರು ‘ಫ್ಯಾನ್’ ಎನ್ನುವವನನ್ನು ನಾವು ಅಭಿಮಾನಿ ಎನ್ನುತ್ತೇವೆ. ರಾಜಕುಮಾರ್ ಅವರು ತಮ್ಮ ಅಭಿಮಾನಿಗಳನ್ನು ದೇವರುಗಳೆಂದು ಕರೆದು ಆ ಪದಕ್ಕೆ ದೊಡ್ಡ ಮರ್ಯಾದೆಯನ್ನು ತಂದುಕೊಟ್ಟರು. ಆದರೆ ಆ ಪದಕ್ಕೆ ಇನ್ನೊಂದು ಮುಖವುಂಟು. ಅಭಿಮಾನ ಎಂದರೆ ಪ್ರೀತಿಯೂ ಹೌದು, ‘ನಾನು, ನನ್ನದು’ ಎಂಬ ಭಾವವೂ ಹೌದು. ಸಾಂಖ್ಯರು ಅಹಂಕಾರದ ಲಕ್ಷಣವನ್ನು ಹೇಳುವಾಗ ಬಳಸುವ ಪದ ಇದೇ. ವೇದಾಂತಿಗಳು ದೇಹಾಭಿಮಾನ ಎಂಬಲ್ಲಿಯೂ ಇದೇ ಅರ್ಥ. ನಾನಲ್ಲದ ವಸ್ತುವಿನಲ್ಲಿ ನಾನೆಂಬುದನ್ನು ಇಟ್ಟುಬಿಡುವುದು. ಒಂದು ಪದಾರ್ಥವನ್ನು ಬರಿದೆ ಮೆಚ್ಚಿದವನು, ಅದು ಚೆನ್ನಾಗಿಲ್ಲವೆಂದು ಇನ್ನೊಬ್ಬರು ಹೇಳಿದರೆ ‘ನಿಮಗೆ ರುಚಿಸಲಿಲ್ಲ, ಬಿಡಿ’ ಎಂದು ಸುಮ್ಮನಾಗುತ್ತಾನೆ. ಅದರಲ್ಲಿ ತನ್ನನ್ನು ಇಟ್ಟವನು ಹಾಗೆ ಸುಮ್ಮನಾಗಲಾರ. ಏಳು ಅಂಕ ಬಂದದ್ದು ಆಟಕ್ಕಲ್ಲ, ತನಗೆ! ಅಂಕ ಕೊಟ್ಟವರ ಮೇಲೆ ಅವನು ಏರಿಹೋಗುತ್ತಾನೆ. ಅದೇ ಆಟ ಕೈಗೆ ಬಂದು ಹುಳುಕೆಂದು ತನಗೇ ತಿಳಿದಾಗ ಅವಮಾನವಾಗುವುದೂ ತನಗೇ. ಆಗ ತಯಾರಿಸಿದವನ ಮೇಲೆ ಏರಿಹೋಗುತ್ತಾನೆ. ಕೋಪದ ದಿಕ್ಕು ಬದಲಾಯಿತೇ ಹೊರತು ಅದು ಕಾಯುತ್ತಿದ್ದ ವಸ್ತು ಬದಲಾಗಲಿಲ್ಲ. ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳ ಮುಂದೆ ಕಟೌಟಿಗೆ ಹಾಲೆರೆದು ಮೊದಲ ಆಟಕ್ಕೆ ನುಗ್ಗಿದವರ ಮುಖವನ್ನು ಆಟ ಬಿಟ್ಟ ಮೇಲೆ ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಮಾತು ಸುಲಭವಾಗಿ ಮುಗಿಯುತ್ತದೆ. ಆಸೆಯಿಂದ ಕ್ರೋಧ ಹುಟ್ಟುತ್ತದೆ ಎಂದು ಗೀತೆಯೇ ಹೇಳಿದೆ. ಆಸೆಪಟ್ಟದ್ದು ಅವರ ತಪ್ಪು. ನಾವು ಬುದ್ಧಿವಂತರು ಎಂದು ಕಾಫಿಯ ಲೋಟ ಕೆಳಗಿಡಬಹುದು. ಇಂಥ ವೇದಾಂತ ನನಗೆ ಅಷ್ಟಾಗಿ ಒಗ್ಗುವುದಿಲ್ಲ. ಆಸೆಪಟ್ಟವನ ಕೋಪವನ್ನೂ ಮೋಸಹೋದವನ ಕೋಪವನ್ನೂ ಅದು ಒಂದೇ ತಕ್ಕಡಿಯಲ್ಲಿ ತೂಗಿಬಿಡುತ್ತದೆ. ಇದರಿಂದ ಮೋಸಮಾಡಿದವನಿಗೆ ಲಾಭವೇ ಹೊರತು ಬೇರೆ ಯಾರಿಗೂ ಅಲ್ಲ. ಆದುದರಿಂದ ಕೇಳಬೇಕಾದ ಪ್ರಶ್ನೆ: ಇಲ್ಲಿ ಮೋಸ ನಡೆಯಿತೆ?

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ನಮ್ಮವರು ಹೇಳಿದ್ದಾರೆ. ಮದುವೆಯ ದಲ್ಲಾಳಿ ಹುಡುಗಿಯನ್ನು ರಂಭೆಯೆನ್ನುತ್ತಾನೆ. ಹುಡುಗನಿಗೆ ಬರುವ ವರ್ಷವೇ ಬಡ್ತಿಯೆನ್ನುತ್ತಾನೆ. ಕೇಳುವವರೂ ಹದಿನಾರಾಣೆಯಲ್ಲಿ ಆರಾಣೆಯನ್ನು ಕಳೆದೇ ಕೇಳುತ್ತಾರೆ. ಹೇಳುವವನಿಗೂ ಕೇಳುವವನಿಗೂ ಈ ಕಳೆಯುವ ಲೆಕ್ಕ ಗೊತ್ತಿರುವುದರಿಂದ ಅದು ಸುಳ್ಳಾದರೂ ವಂಚನೆಯಾಗುವುದಿಲ್ಲ. ಆದರೆ ಹುಡುಗನಿಗೆ ಇನ್ನೊಂದು ಊರಿನಲ್ಲಿ ಆಗಲೇ ಒಂದು ಸಂಸಾರವಿದೆಯೆಂಬುದನ್ನು ಅದೇ ದಲ್ಲಾಳಿ ಮುಚ್ಚಿಟ್ಟನೆನ್ನಿ. ಅವನು ಒಂದು ಸುಳ್ಳನ್ನೂ ಆಡಿಲ್ಲ, ಸುಮ್ಮನಿದ್ದ, ಅಷ್ಟೆ. ಅವನನ್ನು ಯಾರೂ ಕ್ಷಮಿಸುವುದಿಲ್ಲ. ಉಬ್ಬಿಸಿ ಹೇಳುವುದಕ್ಕೂ ಮುಚ್ಚಿಡುವುದಕ್ಕೂ ಇರುವ ಈ ವ್ಯತ್ಯಾಸವನ್ನು ನಮ್ಮ ಅಜ್ಜಿಯರು ಯಾವ ನೀತಿಶಾಸ್ತ್ರವನ್ನೂ ಓದದೆ ತಿಳಿದಿದ್ದರು.

ಈ ಅಳತೆಗೋಲನ್ನು ಹಿಡಿದು ನೋಡೋಣ. ಎಂಟು ವರ್ಷದ ಚಿತ್ರತುಣುಕುಗಳು, ಹಾಲಿವುಡ್ಡಿನ ನಟ, ವೇದಿಕೆಯ ದೀಪಗಳು, ಇವೆಲ್ಲ ಉಬ್ಬಿಸುವ ಮಾತು. ಕೇಳುವವನು ಆರಾಣೆ ಕಳೆಯಬೇಕಾಗಿತ್ತು. ಕಳೆಯಲಿಲ್ಲ, ‘ನಮ್ಮವರು’ ಎಂದು ಹದಿನಾರಕ್ಕೆ ಇನ್ನು ನಾಲ್ಕಾಣೆ ಸೇರಿಸಿಕೊಂಡ. ಆ ಹೆಚ್ಚಿನ ನಾಲ್ಕಾಣೆಯ ಸಾಲವನ್ನು ವಾರ್ಸಾದವರ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ತೋರಿಸಿದ್ದು ನಲವತ್ತೆಂಟು ನಿಮಿಷ. ಉಳಿದ ನೂರು ಗಂಟೆಯ ಆಟವನ್ನು ಕಾದವರು ತಮ್ಮ ತಲೆಯೊಳಗೆ ತಾವೇ ಕಟ್ಟಿಕೊಂಡಿದ್ದರು. ಅಂಥ ಆಟವನ್ನು ಯಾವ ಕುಶಲಕರ್ಮಿಯೂ ಮಾಡಿಕೊಡಲಾರ.

ಆದರೆ 2020ರ ಕೊನೆಯ ವಾರಗಳಲ್ಲಿ ನಡೆದದ್ದು ಬೇರೆ. ಬಿಡುಗಡೆಗೆ ಮುಂಚೆ ವಿಮರ್ಶಕರಿಗೆ ಕೊಟ್ಟದ್ದು ಕಂಪ್ಯೂಟರಿನಲ್ಲಿ ಆಡುವ ಪ್ರತಿಯನ್ನು ಮಾತ್ರ. ಹಳೆಯ ಯಂತ್ರಗಳಲ್ಲಿ ಅದು ಹೇಗೆ ನಡೆಯುತ್ತದೆಂಬುದನ್ನು ತೋರಿಸಲಿಲ್ಲ. ವಿಮರ್ಶಕರು ತಾವು ಆಡಿದ್ದನ್ನು ಚಿತ್ರಿಸಿ ಬಿಡುಗಡೆಗೆ ಮೊದಲು ಪ್ರಕಟಿಸುವಂತಿರಲಿಲ್ಲ. ಸಂಸ್ಥೆ ಕೊಟ್ಟ ಚಿತ್ರಗಳನ್ನೇ ಬಳಸಬೇಕಾಗಿತ್ತು. ಆಟ ಹಳೆಯ ಯಂತ್ರಗಳಲ್ಲಿಯೂ ಆಶ್ಚರ್ಯವಾಗುವಷ್ಟು ಚೆನ್ನಾಗಿ ನಡೆಯುತ್ತಿದೆಯೆಂದು ಸಂಸ್ಥೆಯ ಮುಖ್ಯಸ್ಥರಲ್ಲಿ ಒಬ್ಬರಾದ ಆಡಮ್ ಕಿಚಿನ್‌ಸ್ಕಿ ಬಂಡವಾಳಗಾರರಿಗೆ ಹೇಳಿದ್ದರು. ತೋರಿಸಿದ್ದೆಲ್ಲ ನಿಜ. ಆದರೆ ಲಕ್ಷಾಂತರ ಜನ ಕೊಳ್ಳಲಿದ್ದ ವಸ್ತುವನ್ನು ತೋರಿಸಲೇ ಇಲ್ಲ. ಕುರುಕ್ಷೇತ್ರದಲ್ಲಿ ಧರ್ಮರಾಯ ದ್ರೋಣನಿಗೆ ಹೇಳಿದ್ದೂ ನಿಜವೇ. ಸತ್ತದ್ದು ಆನೆ ಎಂಬ ಭಾಗ ಕೇಳಿಸದಂತೆ ಹೇಳಿದ, ಅಷ್ಟೆ. ನೆಲಕ್ಕೆ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ಅಂದು ನೆಲಕ್ಕೆ ಇಳಿಯಿತೆಂದು ವ್ಯಾಸರು ಹೇಳಿದ್ದಾರೆ. ಗುಟ್ಟಾಗಿ ಅಡಗಿಸಿದ ಸತ್ಯವನ್ನು ಸತ್ಯದ ಲೆಕ್ಕಕ್ಕೆ ಸೇರಿಸಲು ಅವರು ಒಪ್ಪಲಿಲ್ಲ. ತಮ್ಮ ಪರೀಕ್ಷೆಗಳಲ್ಲಿ ಇಷ್ಟು ದೋಷಗಳು ಕಂಡಿರಲಿಲ್ಲವೆಂದು ಸಂಸ್ಥಾಪಕ ಮಾರ್ಚಿನ್ ಇವಿನ್‌ಸ್ಕಿ 2021ರ ಜನವರಿಯಲ್ಲಿ ಹೇಳಿದರು. ಇರಬಹುದು. ಚೆನ್ನಾಗಿ ನಡೆಯುತ್ತದೆಂದು ನಂಬಿದ್ದವರು ಅದನ್ನು ತೋರಿಸುವುದಕ್ಕೆ ಏಕೆ ಹಿಂಜರಿದರು ಎಂಬುದು ಮಾತ್ರ ನನಗೆ ಅರ್ಥವಾಗಿಲ್ಲ.

ಇದಕ್ಕೆ ಪಕ್ಕದಲ್ಲಿ ಇನ್ನೊಂದು ಪ್ರಸಂಗವನ್ನು ಇಟ್ಟು ನೋಡಬಹುದು. ಇಂಗ್ಲೆಂಡಿನ ಗಿಲ್ಡ್‌ಫರ್ಡಿನಲ್ಲಿ ಹಲೋ ಗೇಮ್ಸ್ ಎಂಬ ಪುಟ್ಟ ಸಂಸ್ಥೆ 2016ರ ಆಗಸ್ಟಿನಲ್ಲಿ ‘ನೋ ಮ್ಯಾನ್ಸ್ ಸ್ಕೈ’ ಎಂಬ ಆಟವನ್ನು ಹೊರತಂದಿತು. ಅದರಲ್ಲಿ ಎರಡರ ಅರವತ್ತನಾಲ್ಕನೆಯ ಘಾತದಷ್ಟು ಗ್ರಹಗಳಿದ್ದುವು, ಬ್ರಹ್ಮನೂ ಬೆರಗಾಗಬೇಕು. ಗ್ರಹಗಳು ಇದ್ದುವು, ಆದರೆ ಮಾಡುವುದಕ್ಕೆ ಕೆಲಸ ಕಡಮೆ. ಸಂಸ್ಥೆಯ ಮುಖ್ಯಸ್ಥ ಷಾನ್ ಮರ್ರೆ ಸಂದರ್ಶನಗಳಲ್ಲಿ ಉತ್ಸಾಹದಿಂದ ಹೇಳಿದ್ದ ಹಲವು ಅಂಶಗಳು ಆಟದಲ್ಲಿರಲಿಲ್ಲ. ಮೋಸ ಮೋಸ ಎಂದು ಕೂಗೆದ್ದಿತು. ಬ್ರಿಟನ್ನಿನ ಜಾಹೀರಾತು ನಿಯಂತ್ರಕ ಮಂಡಲಿಯ ತನಕ ದೂರು ಹೋಯಿತು. ಜಾಹೀರಾತಿನಲ್ಲಿ ತಪ್ಪುದಾರಿಗೆ ಎಳೆಯುವಂಥದು ಏನೂ ಇಲ್ಲವೆಂದು ನವೆಂಬರಿನಲ್ಲಿ ತೀರ್ಪಾಯಿತು. ನಿಯಮದ ದೃಷ್ಟಿಗೆ ಮೋಸವಿಲ್ಲ. ಕಾದವನ ಎದೆಗೆ ಮೋಸ. ಮರ್ರೆಯವರ ತಪ್ಪನ್ನು ನಾನು ಹಗುರವಾಗಿ ಕಾಣುತ್ತೇನೆ. ತಾನು ಮಾಡುತ್ತಿರುವ ವಸ್ತುವನ್ನು ಪ್ರೀತಿಸುವ ಮನುಷ್ಯ ಅದರ ವಿಷಯ ಮಾತಾಡುವಾಗ ಇರುವುದನ್ನೂ ಇರಬೇಕೆಂದು ತಾನು ಬಯಸುವುದನ್ನೂ ಕಲಸಿಬಿಡುತ್ತಾನೆ. ಮಗನ ವಿಷಯ ತಾಯಿ ಹೇಳುವಂತೆ. ಅದು ದುಡುಕು, ಮುಚ್ಚಿಡುವಿಕೆಯ ಜಾತಿಗೆ ಸೇರಿದ್ದಲ್ಲ. ಈ ಆಟದ ಬಿಡುಗಡೆ ಮುಂದಕ್ಕೆ ಹೋಗುತ್ತದೆಂಬ ಸುದ್ದಿಯನ್ನು ಆ ವರ್ಷದ ಮೇ ತಿಂಗಳಲ್ಲಿ ಪ್ರಕಟಿಸಿದ ಪತ್ರಕರ್ತನಿಗೂ ಕೊಲೆ ಬೆದರಿಕೆ ಬಂದಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಸುದ್ದಿ ನಿಜವಾಗಿತ್ತು.

ವಾರ್ಸಾದ ಪ್ರಸಂಗದಲ್ಲಿ ಮೋಸ ನಡೆಯಿತು, ಕೋಪಕ್ಕೆ ಕಾರಣವಿತ್ತು ಎಂದು ಒಪ್ಪಿದ ಮೇಲೂ ಅದು ಯಾರಿಗೆ ಮುಟ್ಟಿತೆಂಬುದು ಉಳಿಯುತ್ತದೆ. ನೌಕರರನ್ನು ಕಡ್ಡಾಯವಾಗಿ ಹೆಚ್ಚು ಹೊತ್ತು ದುಡಿಸುವುದಿಲ್ಲವೆಂದು 2019ರಲ್ಲಿ ಸಂಸ್ಥೆ ಮಾತು ಕೊಟ್ಟಿತ್ತು. 2020ರ ಶರತ್ಕಾಲದಲ್ಲಿ ಆ ಮಾತು ಮುರಿದು ವಾರಕ್ಕೆ ಆರು ದಿನದ ದುಡಿಮೆಯನ್ನು ಅವರ ಮೇಲೆ ಹೊರಿಸಿತು. ಹೆಚ್ಚಿನ ದುಡಿಮೆಗೆ ಕೂಲಿ ಕೊಟ್ಟರು, ನಿಜ. ಆದರೂ ಇದು ಜಾಹೀರಾತಿನ ಉಬ್ಬಲ್ಲ, ಗೊತ್ತಾದ ಮನುಷ್ಯರಿಗೆ ಗೊತ್ತಾದ ಮಾತಿನಲ್ಲಿ ಕೊಟ್ಟ ಭಾಷೆ. ಇಡೀ ಪ್ರಸಂಗದಲ್ಲಿ ಸ್ಪಷ್ಟವಾಗಿ ಮುರಿದ ಭಾಷೆಯನ್ನು ಹುಡುಕಿದರೆ ಇದರಷ್ಟು ಸ್ಪಷ್ಟವಾದದ್ದು ಇನ್ನೊಂದು ಸಿಕ್ಕುವುದಿಲ್ಲ. ಇದರ ಮೇಲೆ ಕಾದವರ ಕೋಪ ಅಷ್ಟಾಗಿ ಹರಿಯಲಿಲ್ಲ. ಹರಿದದ್ದು ಆ ಆರನೆಯ ದಿನ ದುಡಿಯುತ್ತಿದ್ದವರ ಮೇಲೆಯೇ. ಬಿಡುಗಡೆಯ ದಿನವನ್ನು ಗೊತ್ತುಮಾಡಿದವರು ಬೇರೆ. ವಿಮರ್ಶಕರಿಗೆ ಏನು ಕೊಡಬೇಕು, ಏನು ಕೊಡಬಾರದು ಎಂದು ನಿಶ್ಚಯಿಸಿದವರು ಬೇರೆ. ತೀರ್ಮಾನ ತಮ್ಮದು ಮತ್ತು ಆಡಳಿತ ಮಂಡಲಿಯದು, ತಯಾರಿಸಿದವರನ್ನು ದೂರಬೇಡಿ ಎಂದು ಇವಿನ್‌ಸ್ಕಿ ಹೇಳಿದ್ದು ಅವರ ದೊಡ್ಡತನವೇ. ಆದರೆ ಬೆದರಿಕೆಯ ಕಾಗದಗಳು ಅಷ್ಟು ಹೊತ್ತಿಗೆ ವಿಳಾಸ ಮುಟ್ಟಿ ಎರಡು ಮೂರು ತಿಂಗಳಾಗಿದ್ದುವು. ಹೋಟೆಲಿನಲ್ಲಿ ಹಳಸಿದ ಸಾಂಬಾರಿಗೆ ನಾವು ಬೈಯುವುದು ಮಾಣಿಯನ್ನು. ಗಲ್ಲಾದ ಮೇಲೆ ಕುಳಿತವರಿಗೆ ನಮಸ್ಕಾರ ಮಾಡಿ ದುಡ್ಡು ಕೊಟ್ಟು ಬರುತ್ತೇವೆ.

ಇನ್ನು ಪ್ರಾಯಶ್ಚಿತ್ತದ ಮಾತು. ಸಂಸ್ಥೆ ಓಡಿಹೋಗಲಿಲ್ಲ. ಹಲೋ ಗೇಮ್ಸಿನವರೂ ಓಡಿಹೋಗಿರಲಿಲ್ಲ. ವರ್ಷಗಟ್ಟಲೆ ಸದ್ದಿಲ್ಲದೆ ದುಡಿದು, ಕಾಸು ಕೇಳದೆ, ತಮ್ಮ ಆಟವನ್ನು ಹೇಳಿದ್ದಕ್ಕಿಂತ ದೊಡ್ಡದು ಮಾಡಿದರು. ವಾರ್ಸಾದವರು 2022ರ ಫೆಬ್ರವರಿಯಲ್ಲಿ ಒಂದು ದೊಡ್ಡ ತಿದ್ದುಪಡಿಯನ್ನೂ ಅದೇ ಸೆಪ್ಟೆಂಬರಿನಲ್ಲಿ ಇನ್ನೊಂದನ್ನೂ ಕೊಟ್ಟರು. 2023ರ ಸೆಪ್ಟೆಂಬರಿನಲ್ಲಿ ಆಟದ ಒಡಲನ್ನೇ ಮತ್ತೆ ಕಟ್ಟಿ ‘ಫ್ಯಾಂಟಮ್ ಲಿಬರ್ಟಿ’ ಎಂಬ ಹೊಸ ಭಾಗವನ್ನು ಹೊರತಂದರು. ಬೈದಿದ್ದವರೇ ಹೊಗಳಿದರು. 2024ರ ಕೊನೆಯ ಹೊತ್ತಿಗೆ ಮಾರಾಟವಾದ ಪ್ರತಿಗಳು ಮೂರು ಕೋಟಿ. ಕಳೆದುಹೋದ ಮಾನ ಹಿಂದಕ್ಕೆ ಬಂತೆಂದು ಎಲ್ಲರೂ ಬರೆದರು.

ಈ ಸಂತೋಷದ ನಡುವೆ ಒಂದು ಸಂಗತಿ ಮರೆತುಹೋಗಿದೆ. ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಯಂತ್ರಗಳಿಗೆ 2022ರ ಸೆಪ್ಟೆಂಬರಿನದೇ ಕೊನೆಯ ದೊಡ್ಡ ತಿದ್ದುಪಡಿ. ಅದರಿಂದ ಆಟ ಅಲ್ಲಿ ಆಡುವ ಸ್ಥಿತಿಗೆ ಬಂತು, ಅಷ್ಟರಮಟ್ಟಿಗೆ ಸಂಸ್ಥೆ ದುಡಿಯಿತು. ಎಲ್ಲರೂ ಹೊಗಳಿದ 2023ರ ಆಟ ಮಾತ್ರ ಆ ಯಂತ್ರಗಳಿಗೆ ಬರಲಿಲ್ಲ. ಹೊಸ ಯಂತ್ರವನ್ನು ಕೊಂಡವರಿಗೆ ಹೊಸ ರೂಪ ಉಚಿತವೆಂದರು. ಯಂತ್ರ ಉಚಿತವಲ್ಲ. ಹಳೆಯ ಯಂತ್ರದ ಶಕ್ತಿ ಅಷ್ಟೇ, ಅದರಲ್ಲಿ ಇದನ್ನು ನಡೆಸುವುದು ಅಸಾಧ್ಯ ಎಂಬ ವಿವರಣೆಯನ್ನು ಒಪ್ಪೋಣ. ಹಾಗಾದರೆ ಆ ಅಸಾಧ್ಯದ ಒಂದು ಭಾಗವನ್ನು 2020ರಲ್ಲಿ ಹೇಳಬಹುದಾಗಿತ್ತು. ಕದ್ದದ್ದನ್ನು ಒಡೆಯನಿಗೆ ಮುಟ್ಟಿಸಿದ ಮೇಲೆ ಪ್ರಾಯಶ್ಚಿತ್ತ ಎಂದು ನಮ್ಮ ಧರ್ಮಶಾಸ್ತ್ರಕಾರರು ಹೇಳುತ್ತಾರೆ. ಇಲ್ಲಿ ಪ್ರಾಯಶ್ಚಿತ್ತವೇನೋ ದೊಡ್ಡದಾಗಿಯೇ ನಡೆಯಿತು, ಊರಿಗೆಲ್ಲ ಅನ್ನಸಂತರ್ಪಣೆಯೂ ಆಯಿತು. ಕಳೆದುಕೊಂಡವನ ಎಲೆಗೆ ಬಿದ್ದದ್ದು ಅರ್ಧ.

ಕೋಪಿಸಿಕೊಂಡವರು 2020ರ ಡಿಸೆಂಬರಿನಲ್ಲಿಯೇ ಹಣ ಹಿಂದಕ್ಕೆ ಪಡೆದರು. ಅದಕ್ಕೆ ಸಂಸ್ಥೆ ತೆರೆದಿದ್ದ ವಿಳಾಸಕ್ಕೆ ಬರೆಯಲು ಡಿಸೆಂಬರ್ 21ರ ತನಕ ಅವಕಾಶವಿತ್ತು. ಕೋಪಿಸಿಕೊಳ್ಳದೆ, ಬೆದರಿಸದೆ, ‘ನಮ್ಮವರು, ಸರಿಮಾಡುತ್ತಾರೆ, ನೋಡೋಣ’ ಎಂದು ಹಳೆಯ ಯಂತ್ರದ ಮುಂದೆ ಕಾದು ಕುಳಿತವರೂ ಇದ್ದರು. ಎಷ್ಟು ಮಂದಿ ಎಂದು ಯಾರೂ ಲೆಕ್ಕವಿಟ್ಟಿಲ್ಲ. ಅವರು ಗಲಾಟೆ ಮಾಡಿದವರಲ್ಲವಾದುದರಿಂದ ಅವರ ಸುದ್ದಿ ಯಾವ ಪತ್ರಿಕೆಯಲ್ಲಿಯೂ ಬರಲಿಲ್ಲ.